ಅಪ್‌ಡೇಟ್: ಆರ್‌ವಿ ಒಳಗೆ ಮೊಬೈಲ್ ಹಾಟ್‌ಸ್ಪಾಟ್ ಕುಂಟುತ್ತಿದ್ದ ಪ್ರಶ್ನೆ

ಫೋನಿನಲ್ಲಿ ಸಿಗ್ನಲ್ಲಿನ ಮೂರು ಕಡ್ಡಿ ಇದ್ದರೂ ಆರ್‌ವಿ (ಒಳಗೇ ವಾಸಿಸಬಹುದಾದ ಪ್ರವಾಸಿ ವಾಹನ) ಒಳಗೆ ಲ್ಯಾಪ್‌ಟಾಪಿಗೆ ನೆಟ್ ಯಾಕೆ ಕುಂಟುತ್ತದೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ.

ಕಡ್ಡಿ ಎಣಿಸಬೇಡಿ ಅಂದಿದ್ದು ಸರಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಅಂಕಿಯಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ನಿಶ್ಚಿಂತೆ; ಮೈನಸ್ 115ಕ್ಕೆ ಇಳಿದರೆ ವಿಡಿಯೋ ಕಾಲ್ ಆಸೆ ಬಿಡಿ. ಒಳಗಿನ ಮೇಜಿನ ಮೇಲೆ ಮೈನಸ್ 112, ಅದೇ ಫೋನ್ ಕಿಟಕಿ ಗಾಜಿಗೆ ತಾಗಿಸಿದರೆ ಮೈನಸ್ 101. ಅಲ್ಯೂಮಿನಿಯಂ ಮೈ ಅಷ್ಟು ತಡೆಯುತ್ತದೆ. 10 ಡಿಬಿ ವ್ಯತ್ಯಾಸ ಅಂದರೆ ಸಿಗ್ನಲ್ ಶಕ್ತಿಯಲ್ಲಿ ಹತ್ತು ಪಟ್ಟು, ಕಡಿಮೆಯೇನಲ್ಲ.

ಹಾಗಾಗಿ ಫೋನ್ ಕಿಟಕಿಯಲ್ಲಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕೊಡುವುದು). ಕೇಬಲ್ ಡೇಟಾ ಹಾಯುವಂಥದ್ದಾಗಿರಬೇಕು. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಟೆದರಿಂಗ್ ಆಯ್ಕೆ ಆನ್ ಆಗುವುದೇ ಇಲ್ಲ. ಬಿಸಿಲು ಬೀಳದ ಬದಿ ನೋಡಿ, ಕವರ್ ತೆಗೆದಿಡಿ. ಫೋನ್ ಕಾದರೆ ಮೊದಲು ಚಾರ್ಜಿಂಗ್ ನಿಲ್ಲುತ್ತದೆ, ಆಮೇಲೆ ವೇಗ ಬೀಳುತ್ತದೆ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾ ಮಿತವಾಗಿ ಬಳಸುವ ಸಂಪರ್ಕ) ಮಾಡಿ, ಇಲ್ಲದಿದ್ದರೆ ಅಪ್‌ಡೇಟೇ ಡೇಟಾ ನುಂಗಿಬಿಡುತ್ತದೆ.

ಹೊರಗಿನ ಸಿಗ್ನಲ್ ಹಿಡಿದು ಒಳಗೆ ಹಿಗ್ಗಿಸಿ ಕೊಡುವ ಬೂಸ್ಟರ್ ಸದ್ಯಕ್ಕೆ ಬೇಡ. ಹೊರಗೆ ಸಿಗ್ನಲ್ಲೇ ಇಲ್ಲದ ಕಡೆ ಅದು ಹಿಗ್ಗಿಸುವುದು ಏನನ್ನು? ಜೊತೆಗೆ ಚಾವಣಿಯ ಆಂಟೆನಾ ಒಳಗಿನದಕ್ಕೆ ತೀರಾ ಹತ್ತಿರವಾದರೆ ಬೂಸ್ಟರ್ ತನ್ನ ಸಿಗ್ನಲ್ಲನ್ನೇ ಹಿಡಿದುಕೊಂಡು ಶಕ್ತಿ ತಗ್ಗಿಸಿಕೊಳ್ಳುತ್ತದೆ. ಸಿಮ್ ಹಾಕುವ ರೌಟರ್‌ಗೆ ಎರಡು ಕೇಬಲ್ಲಿನ ಮಿಮೋ ಆಂಟೆನಾ (ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಆಂಟೆನಾ ಇರುವಂಥದ್ದು) ಜೋಡಿಸಿದವರಿದ್ದರೆ, ಚಾವಣಿ ಕೊರೆಯದೆ ಕೇಬಲ್ ಒಳಗೆ ಹೇಗೆ ತಂದಿರಿ ಹೇಳಿ.