ಮರು: ಪಿಸ್ಟನ್ 'ರಿಟ್ರ್ಯಾಕ್ಟ್' ಮಾಡುವುದಕ್ಕೆ ಕನ್ನಡ? (ತುರ್ತು)

> ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸುವವರಿಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ಹಿಂದಿನ ಚಕ್ರದ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿದ್ದರೆ ಅದನ್ನು 'ರಿಟ್ರ್ಯಾಕ್ಟ್' ಮಾಡುವ ಭಾಗ ಬಂದಿದೆ. 'ಹಿಂತೆಗೆದುಕೊಳ್ಳಿ' ಸರಿಯೇ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಸರಿಯಿಲ್ಲ. ದಯವಿಟ್ಟು ಹಾಕಬೇಡಿ.

ಹೇಳಿಕೆ ಹಿಂತೆಗೆದುಕೊಳ್ಳಬಹುದು, ಕೇಸು ಹಿಂತೆಗೆದುಕೊಳ್ಳಬಹುದು. ಪಿಸ್ಟನ್ನನ್ನಲ್ಲ. ಆ ಮಾತಿನೊಳಗೆ 'ತೆಗೆ' ಕೂತಿದೆ ನೋಡಿ. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೈಯೆಲ್ಲ ಮಸಿ ಮಾಡಿಕೊಂಡು ಓದುವವರು 'ತೆಗೆ' ಕಂಡ ಕೂಡಲೇ ಇಕ್ಕಳ ಹಾಕಿ ಹೊರಗೆ ಎಳೆಯುತ್ತಾರೆ. ಆಗಬೇಕಾದದ್ದು ಅದಕ್ಕೆ ಪೂರ್ತಿ ಉಲ್ಟಾ. ಕ್ಯಾಲಿಪರ್ ಅಂದರೆ ಚಕ್ರದ ಡಿಸ್ಕನ್ನು ಪ್ಯಾಡ್‌ಗಳಿಂದ ಹಿಡಿಯುವ ಭಾಗ, ಪ್ಯಾಡನ್ನು ಒತ್ತುವುದು ಅದರೊಳಗಿನ ಪಿಸ್ಟನ್. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದಿರುತ್ತದೆ, ಹೊಸ ಪ್ಯಾಡ್ ದಪ್ಪ, ಪಿಸ್ಟನ್ ಒಳಗೆ ಹೋಗದಿದ್ದರೆ ಜಾಗ ಸಾಲುವುದಿಲ್ಲ.

ಇಲ್ಲಿ ಉತ್ತರವಾಗಿ 'ಹಿಂದೆ ಸರಿಸಿ' ಎಂದವರು ಹತ್ತಿರ ಬಂದಿದ್ದೀರಿ. ಆದರೆ ಆ ಮಾತು ಇನ್ನೊಂದು ಕೆಲಸಕ್ಕೆ ಬೇಕು. ಪೆಡಲ್ ಒತ್ತಿದಾಗ ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಸ್ವಲ್ಪ ಬಾಗುತ್ತದೆ, ಕಾಲು ತೆಗೆದಾಗ ಮೊದಲಿನಂತಾಗುತ್ತಾ ಪಿಸ್ಟನ್ನನ್ನೂ ಒಂದು ಕೂದಲೆಳೆಯಷ್ಟು ಜೊತೆಗೆ ಎಳೆದುಕೊಳ್ಳುತ್ತದೆ. ಅದು ಸರಿಯುವುದು. ತಾನಾಗಿ ಆಗುವಂಥದ್ದು. ಇಂಗ್ಲಿಷಿನಲ್ಲಿ ಹೀಗೆ ತಾನಾಗಿ ಸರಿಯುವುದಕ್ಕೂ ಕೈಯಿಂದ ಒಳಗೆ ಕೂರಿಸುವುದಕ್ಕೂ 'ರಿಟ್ರ್ಯಾಕ್ಟ್' ಎಂಬ ಒಂದೇ ಮಾತು, ನಾವು ಯಾಕೆ ಆ ಬಡತನ ತಂದುಕೊಳ್ಳಬೇಕು?

ಇನ್ನು ಕೈಯಿಂದ ಮಾಡುವ ಕೆಲಸ. ಹಿಂದಿನ ಕ್ಯಾಲಿಪರ್ ಮುಂದಿನದರ ಹಾಗಲ್ಲ. ಮುಂದಿನದು ಸಿ-ಕ್ಲ್ಯಾಂಪ್ ಹಾಕಿ ಅದುಮಿದರೆ ಒಳಗೆ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಕ್ಯಾಲಿಪರ್‌ಗೇ ಬಂದು ಸೇರುವ ಕಾರುಗಳಲ್ಲಿ, ಹಳೆಯ ಸ್ಕೋಡಾ ಆಕ್ಟೇವಿಯಾ ತರದವುಗಳಲ್ಲಿ, ಪಿಸ್ಟನ್ ಒಳಗೆ ಒಂದು ಸ್ಕ್ರೂ ಇದೆ. ಪಿಸ್ಟನ್ ಮುಖದ ಮೇಲೆ ಕಚ್ಚುಗಳಿವೆ. ಅದಕ್ಕೆ ಟೂಲ್ ಕೂರಿಸಿ, ಅದುಮುತ್ತಲೇ ತಿರುಗಿಸಬೇಕು. ಸುಮ್ನೆ ಅದುಮಿದರೆ ಅಲುಗಾಡುವುದಿಲ್ಲ, ಜಾಸ್ತಿ ಬಲ ಹಾಕಿದರೆ ಒಳಗಿನ ಸ್ಕ್ರೂ ಕೆಡುತ್ತದೆ. ಜಾಮ್ ಆಗಿದೆ ಅಂತ ಬೈದುಕೊಳ್ಳುವವರಲ್ಲಿ ಎಷ್ಟೋ ಜನ ತಿರುಗಿಸಬೇಕಾದದ್ದನ್ನು ತಳ್ಳುತ್ತಿರುತ್ತಾರೆ. ಹಾಗಾಗಿ 'ಅದುಮಿ ತಿರುಗಿಸಿ ಒಳಗೆ ಕೂರಿಸಿ'. ಮೂರು ಕ್ರಿಯಾಪದ, ಮೂರೂ ಬೇಕು. 'ತಿರುಚಿ' ಖಂಡಿತ ಬೇಡ, ತಿರುಚುವುದು ಕಿವಿಯನ್ನು ಮತ್ತು ಸುದ್ದಿಯನ್ನು.

'ಆಕುಂಚನಗೊಳಿಸಿ': ಇಲ್ಲ. ಅದು ಸ್ನಾಯುವಿನ ಮಾತು, ಪಿಸ್ಟನ್ ಏನೂ ಕುಗ್ಗುವುದಿಲ್ಲ.

ಪಿಸ್ಟನ್‌ಗೆ 'ಆಡುಬೆಣೆ', ಬ್ರೇಕಿಗೆ 'ತಡೆತ' ಎಂದವರಿಗೆ ಹಿಂದೆಯೂ ಹೇಳಿದ್ದೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಆಡುಬೆಣೆ ಕೊಡಿ ಅಂದರೆ ಏನು ಸಿಗುತ್ತದೆ? ಬ್ರೇಕಿಗೆ ಹೇಳುವ 'ಬಿರಿ' ಅಚ್ಚಗನ್ನಡವೋ, ಇಂಗ್ಲಿಷಿನ 'ಬ್ರೇಕ್' ಎಂಬ ಮಾತೇ ಸವೆದು ಬಿರಿ ಆಯಿತೋ ಎಂದು ಇಲ್ಲಿ ನಿನ್ನೆಯಿಂದ ಜಗಳ ನಡೆದಿದೆ. ಎತ್ತಿನ ಗಾಡಿಗೆ ಬಿರಿ ಚೆಂದದ ಮಾತು, ನನಗೂ ಇಷ್ಟ. ಆದರೆ ಕೇಳಿದವರಿಗೆ ಬೇಕಿದ್ದದ್ದು ಅದಲ್ಲ.

ವಸ್ತುವಿನ ಹೆಸರು ವಸ್ತುವಿನ ಜೊತೆಗೇ ಬರುತ್ತದೆ. ಚಾವಿ, ಅಲಮಾರು ಪೋರ್ಚುಗೀಸರ ಜೊತೆ ಬಂದವು, ಇವತ್ತು ಅವನ್ನು ಪರಕೀಯ ಅನ್ನುವವರು ಯಾರಿದ್ದಾರೆ? ಪಿಸ್ಟನ್, ಕ್ಯಾಲಿಪರ್ ಇರಲಿ. ಕ್ರಿಯಾಪದದ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. 'ರಿಟ್ರ್ಯಾಕ್ಟ್ ಮಾಡಿ' ಅಂದರೆ ಕೈ ಏನು ಮಾಡಬೇಕು? ಎಳೆಯಬೇಕೋ, ಒತ್ತಬೇಕೋ, ತಿರುಗಿಸಬೇಕೋ? 'ಮಾಡಿ' ಏನನ್ನೂ ಹೇಳುವುದಿಲ್ಲ. ಅದುಮು, ಒತ್ತು, ನೂಕು, ಕೂರಿಸು ಎಂದು ಕೈಯ ಒಂದೊಂದು ಚಲನೆಗೂ ಮಾತಿರುವ ಭಾಷೆಯಲ್ಲಿ ಬರೆಯುತ್ತಾ ಅದನ್ನು ಬಿಟ್ಟುಕೊಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಜಾಮ್‌ಗೂ ಒಂದು ಮಾತು. ಗ್ಯಾರೇಜಿನಲ್ಲಿ 'ಬ್ರೇಕ್ ಹಿಡ್ಕೊಂಡಿದೆ' ಅಂದರೆ ಚಕ್ರ ಸಲೀಸಾಗಿ ತಿರುಗುತ್ತಿಲ್ಲ ಎಂದು. ತುಕ್ಕಿನಿಂದ ಪಿಸ್ಟನ್ ಅಲುಗದಿದ್ದರೆ 'ಕಚ್ಚಿಕೊಂಡಿದೆ' ಅನ್ನಿ.

ಹಾಗೇ ಎತ್ತಿ ಹಾಕಿಕೊಳ್ಳಿ:

"ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಪಿಸ್ಟನ್ ಒಳಗೆ ಹೋದಂತೆ ಆಯಿಲ್ ಮೇಲೇರುತ್ತದೆ, ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ. ಪಿಸ್ಟನ್ನನ್ನು ಅದುಮಿ ತಿರುಗಿಸಿ ಒಳಗೆ ಕೂರಿಸಿ. ಪ್ಯಾಡ್ ಬೆನ್ನಿನಲ್ಲಿ ಗುಬುಟು ಇದ್ದರೆ ಅದು ಪಿಸ್ಟನ್ ಕಚ್ಚಿನಲ್ಲಿ ಕೂರುವಂತೆ ನಿಲ್ಲಿಸಿ. ತಿರುಗಿಸಿದರೂ ಒಳಗೆ ಹೋಗದಿದ್ದರೆ ಬ್ಲೀಡರ್ ನಿಪ್ಪಲ್ (ಆಯಿಲ್‌ನಲ್ಲಿನ ಗಾಳಿ ಹೊರಬಿಡಲು ಕ್ಯಾಲಿಪರ್ ಮೇಲಿರುವ ಚಿಕ್ಕ ತಿರುಪು) ಸ್ವಲ್ಪ ಸಡಿಲಿಸಿ ನೋಡಿ. ಆಗ ಸಲೀಸಾಗಿ ಹೋದರೆ ಪಿಸ್ಟನ್ ಕಚ್ಚಿಕೊಂಡಿಲ್ಲ, ಬ್ರೇಕ್ ಹೋಸ್ (ಆಯಿಲ್ ಹರಿಯುವ ರಬ್ಬರ್ ಪೈಪು) ಒಳಗೆ ಕಟ್ಟಿಕೊಂಡಿರಬಹುದು. ನಿಪ್ಪಲ್ ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಗಾಡಿ ಓಡಿಸಬೇಡಿ."

ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಆಯಾ ಕಾರಿನ ಪುಸ್ತಕ ನೋಡಿ ಬರೆಯಿರಿ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ಕಡೆಗೇ, ಆದರೆ ಕೆಲವು ಕಾರುಗಳಲ್ಲಿ ಎಡಬಲ ಬೇರೆ ಬೇರೆ. ಹ್ಯಾಂಡ್‌ಬ್ರೇಕ್ ಬಟನ್ನಿನಿಂದ ಕೆಲಸ ಮಾಡುವ ಕಾರಿಗೆ ಈ ಸಾಲುಗಳು ಬೇಡವೇ ಬೇಡ. ಅಲ್ಲಿ ಮೊದಲು ಸರ್ವಿಸ್ ಮೋಡ್ ಹಾಕಿ ಮೋಟಾರಿನಿಂದಲೇ ಸ್ಕ್ರೂ ಹಿಂದಕ್ಕೆ ತರಿಸಬೇಕು, ಆಮೇಲೆ ಸಾಮಾನ್ಯವಾಗಿ ಬರೀ 'ಒಳಗೆ ಅದುಮಿ' ಸಾಕು.