ಜಮಖಂಡಿಯಲ್ಲಿ ಕುಸ್ತಿ-ಕಬಡ್ಡಿಗೆ ಎಎಂ ರೇಡಿಯೊ: ಯಾರ ಹೆಸರಿಗೆ ಸಿಗತೈತಿ?

ಗರಡಿಮನಿ:
ಕುಸ್ತಿ, ಕಬಡ್ಡಿ, ಸಂಗ್ರಾಣಿ ಕಲ್ಲು ಎತ್ತೂ ಪಂದ್ಯಗಳಿಗೇ ಒಂದು ರೇಡಿಯೊ ಕೇಂದ್ರ ಬೇಕಂತ ನಮ್ಮ ಗರಡಿ ಸಂಘದಾಗ ಮಾತು ನಡದೈತಿ. ಸಂಘ ನೋಂದಣಿ ಆಗಿ ಐದು ವರ್ಷ ಆತು. ಒಬ್ಬ ವ್ಯಾಪಾರಸ್ಥರು ಪೂರ್ತಿ ರೊಕ್ಕ ಹಾಕ್ತೀನಿ, ಆದ್ರ ಕೇಂದ್ರ ನನ್ನ ಹೆಸರಿಗಿರಲಿ, ಮುಂದ ಮಾರಾಕೂ ಬರಬೇಕು ಅಂತಾರ. ಎಎಂ ಆದ್ರ ದೂರ ಮುಟ್ಟತೈತಿ ಅನ್ನೂದು ಹಿರಿಯರ ಆಸೆ. ಇದು ಆಗೂ ಮಾತೇನ್ರಿ?

ತರಂಗ_ಬಾಗಲಕೋಟೆ:
ಎಎಂ ಕೈಬಿಡ್ರಿ. ನಮ್ಮ ದೇಶದಲ್ಲಿ ಎಎಂ ಪ್ರಸಾರ ನಡೆಯುವ ಮೀಡಿಯಂ ವೇವ್ ಆಕಾಶವಾಣಿಯ ಕೈಯಲ್ಲೇ ಇದೆ, ಉಳಿದವರಿಗೆ ಸಿಗುವುದು ಎಫ್‌ಎಂ ಮಾತ್ರ. ಪರವಾನಗಿ ಸಿಕ್ಕರೂ ಅದು ಸಂಘದ ಅಳತೆಯ ಕೆಲಸವಲ್ಲ. ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರ್. ಅದರ ಕಾಲುಭಾಗದ ಆಂಟೆನಾ ಕಂಬವೆಂದರೆ 98 ಮೀಟರ್. ಅಷ್ಟೇ ಉದ್ದದ ತಾಮ್ರದ ತಂತಿಗಳನ್ನು ಸುತ್ತಲೂ ನೆಲದಲ್ಲಿ ಹೂಳಲು ಏಳೆಂಟು ಎಕರೆ ಹೊಲ ಬೇಕು. ಮೇಲೆ ಅಗ್ಗದ ಎಲ್‌ಇಡಿ ಬಲ್ಬು, ಮೋಟರುಗಳ ಗೊರಗೊರ ಎಎಂನಲ್ಲಿ ನೇರ ಕಿವಿಗೆ ಬೀಳುತ್ತದೆ.

ನಿಮಗೆ ಹೊಂದುವುದು ಸಮುದಾಯ ರೇಡಿಯೊ, ಅಂದರೆ ಸುತ್ತಲಿನ ಜನರಿಗಾಗಿ ಲಾಭರಹಿತ ಸಂಸ್ಥೆ ನಡೆಸುವ ಸಣ್ಣ ಎಫ್‌ಎಂ ಕೇಂದ್ರ. ಬೆಳಗಾವಿಯ ಕೆಎಲ್‌ಇ ವೇಣುಧ್ವನಿ 90.4 ಇದೇ ಬಗೆಯದು. ಪ್ರಸಾರ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ 100 ವ್ಯಾಟ್, ಟವರ್ 15ರಿಂದ 30 ಮೀಟರ್. ಬಯಲಲ್ಲಿ ಸುಮಾರು 10 ಕಿ.ಮೀ. ಚೆನ್ನಾಗಿ ಕೇಳುತ್ತದೆ, ಆರ್‌ಸಿಸಿ ಮನೆಯೊಳಗೆ ಇನ್ನೂ ಕಡಿಮೆ.

ಕಾಗದಪತ್ರ:
ವ್ಯಾಪಾರಸ್ಥರ ಷರತ್ತಿಗೆ ಒಪ್ಪಬ್ಯಾಡ್ರಿ. ಸಮುದಾಯ ರೇಡಿಯೊ ಅನುಮತಿ ವ್ಯಕ್ತಿಗೂ ಇಲ್ಲ, ಲಾಭಕ್ಕೆ ನಡೆಯುವ ಕಂಪನಿಗೂ ಇಲ್ಲ, ರಾಜಕೀಯ ಪಕ್ಷಕ್ಕೂ ಇಲ್ಲ. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಇಲ್ಲವೇ ಕನಿಷ್ಠ 3 ವರ್ಷ ಕೆಲಸ ಮಾಡಿದ ಲಾಭರಹಿತ ಸಂಘ ಅಥವಾ ಟ್ರಸ್ಟ್ ಅರ್ಜಿ ಹಾಕಬಹುದು. ಅನುಮತಿಯನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅವರ ರೊಕ್ಕ ಸಂಘದ ಖಾತೆಗೆ ದೇಣಿಗೆಯಾಗಿ ಬರಲಿ, ರಸೀದಿ ಕೊಡ್ರಿ. ಟ್ರಾನ್ಸ್‌ಮಿಟರ್ ಬಿಲ್ಲು ಸಂಘದ ಹೆಸರಿಗೇ ಇರಬೇಕು. ಯಂತ್ರ ಅವರದು, ಅನುಮತಿ ನಿಮ್ಮದು ಅಂತಾದರೆ ಜಗಳವಾದ ದಿನ ಪ್ರಸಾರ ನಿಂತುಹೋಗುತ್ತದೆ. ಅವರಿಗೆ ಮಾಲಕಿಯೇ ಬೇಕೆಂದರೆ ಕಂಪನಿ ಕಟ್ಟಿ ಖಾಸಗಿ ಎಫ್‌ಎಂ ಹರಾಜಿಗೆ ಹೋಗಲಿ, ಆ ಹಾದಿ ಬೇರೆ.

2024ರ ಬದಲಾವಣೆಯಿಂದ ಅನುಮತಿಯ ಅವಧಿ 10 ವರ್ಷ, ಜಾಹೀರಾತು ತಾಸಿಗೆ 12 ನಿಮಿಷ. ಕಾರ್ಯಕ್ರಮಗಳ ಬಗ್ಗೆ ಹೇಳುವ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಗರಡಿ ಸಂಘಗಳು ಇದನ್ನು ಕಡೆಗೆ ನೋಡೋಣ ಅಂತ ಬಿಡುತ್ತವೆ, ನೀವು ಮೊದಲೇ ಕೂಡಿಸಿಕೊಳ್ಳಿ. ಪ್ರಸಾರವಾದದ್ದೆಲ್ಲ 3 ತಿಂಗಳು ಕಾದಿಡಬೇಕು: ದಿನಕ್ಕೆ 12 ತಾಸಿನಂತೆ 128 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 62 ಜಿಬಿ.

ಗರಡಿಮನಿ:
ಕಣದಿಂದ ನೇರ ವೀಕ್ಷಕ ವಿವರಣೆ ಕೊಡಬಹುದಾ?

ತರಂಗ_ಬಾಗಲಕೋಟೆ:
ಸ್ಥಳೀಯ ಪಂದ್ಯಕ್ಕೆ ಅಡ್ಡಿಯಿಲ್ಲ. ಹಕ್ಕು ಮಾರಾಟವಾದ ದೊಡ್ಡ ಕ್ರಿಕೆಟ್ ಪಂದ್ಯದ ತಂಟೆಗೆ ಹೋಗಬೇಡಿ. ಸುದ್ದಿ ಹೇಳುವುದಾದರೆ ಆಕಾಶವಾಣಿಯದನ್ನೇ, ಇದ್ದದ್ದಿದ್ದಂತೆ.

ಜಾತ್ರೆಯ ಕುಸ್ತಿಯಲ್ಲಿ ಮೊದಲು ಕೈಕೊಡುವುದು ಮೊಬೈಲ್ ನೆಟ್‌ವರ್ಕ್. ಬೆಳಿಗ್ಗೆ ಚೆನ್ನಾಗಿರುತ್ತದೆ, ದೊಡ್ಡ ಜೋಡಿ ಕಣಕ್ಕಿಳಿಯುವ ಹೊತ್ತಿಗೆ ಜನ ಸೇರಿ ಕುಸಿಯುತ್ತದೆ. ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಳ್ಳಿ; ಹತ್ತಿರದ ಮನೆಯಿಂದ ಬ್ರಾಡ್‌ಬ್ಯಾಂಡ್ ತಂತಿ ಎಳೆಯಲು ಬಂದರೆ ಇನ್ನೂ ಉತ್ತಮ. ಹಲಗಿ ಬಡಿತದ ನಡುವೆ ಮಾತು ಮುಳುಗದಿರಲು ಬಾಯಿಗೆ ಅಂಟಿದಂತಿರುವ ಡೈನಾಮಿಕ್ ಹೆಡ್‌ಸೆಟ್ ಮೈಕ್ ಬೇಕು, ಸುತ್ತಲಿನ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಬೇಡ. ಹೇಳುವವರು ಇಬ್ಬರಿರಲಿ, ಒಬ್ಬರ ಕೈಯಲ್ಲಿ ಜೋಡಿ ಪಟ್ಟಿ. ಇಬ್ಬರು ಪೈಲ್ವಾನರು ಹಿಡಿದುಕೊಂಡು ಐದು ನಿಮಿಷ ಅಲುಗದೆ ನಿಂತಾಗಲೇ ಹೇಳುವವನ ಕಸುಬು ಗೊತ್ತಾಗುವುದು: ಯಾರ ಕೈ ಯಾರ ಕುತ್ತಿಗೆಯ ಮೇಲಿದೆ, ಯಾವ ಕಾಲು ಹಿಂದೆ ಸರಿಯಿತು, ಢಾಕಿ ಪಟ್ಟಿಗೆ ಹೊಂಚುತ್ತಿದ್ದಾನೋ ಘಿಸ್ಸಾ ಪಟ್ಟಿಗೋ ಹೇಳುತ್ತಲೇ ಇರಬೇಕು.

ಎರೆಹೊಲ:
ಟವರಿನ ಅರ್ಥಿಂಗ್ ಮರೀಬ್ಯಾಡ್ರಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳಿನ ಸುತ್ತ ಸಂದಾಗುತ್ತದೆ. ಅರ್ಥಿಂಗ್ ರೋಧ ಮಳೆಗಾಲದಲ್ಲಿ ಅಳೆದಾಗ 2 ಓಮ್ ತೋರಿಸಿದ್ದು ಏಪ್ರಿಲ್‌ನಲ್ಲಿ ಎಷ್ಟೋ ಪಟ್ಟು ಏರಬಹುದು, ಸಿಡಿಲು ಬರುವುದೂ ಆಗಲೇ. ಸರಳಿನ ಗುಂಡಿಗೆ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿ, ಮೇ ತಿಂಗಳ ಮಳೆಗೆ ಮುಂಚೆ ನೀರು ಹಾಕಿ ಮತ್ತೆ ಅಳೆಯಿರಿ. 5 ಓಮ್ ದಾಟಬಾರದು. ಆಂಟೆನಾ ಕನೆಕ್ಟರಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಲ್ ಕೋಣೆಯೊಳಗೆ ಬರುವ ಮುನ್ನ ಕೆಳಕ್ಕೆ ಒಂದು ಬಾಗು ಕೊಡಿ. ಕನೆಕ್ಟರಿನೊಳಗೆ ನೀರು ಇಳಿಯಿತೆಂದರೆ ಶಕ್ತಿ ತಿರುಗಿ ಟ್ರಾನ್ಸ್‌ಮಿಟರಿಗೇ ಬಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ.