ಅಮ್ಮ ನೋವಿನ ಗುಳಿಗೆ ಬೇಡ ಅನ್ನುತ್ತಾರೆ

ಪ್ರಶ್ನೆ (ಡೊಂಬಿವಲಿ): ಅಮ್ಮನಿಗೆ 64 ವರ್ಷ. ಅಂಡಾಶಯದ ಕ್ಯಾನ್ಸರ್‌ಗೆ ಮುಂಬೈಯಲ್ಲಿ ಹೊಟ್ಟೆ ಕೊಯ್ದು ಆಪರೇಷನ್ ಆಗಿ ಇವತ್ತಿಗೆ 9 ದಿನ. ಹೊಕ್ಕುಳ ಮೇಲಿಂದ ಕೆಳತನಕ ಹೊಲಿಗೆ. ನೋವಿಗೆ ಪ್ಯಾರಾಸಿಟಮಾಲ್, ಅದಕ್ಕಿಂತ ಬಲವಾದ ಟ್ರಮಡಾಲ್ ಬರೆದಿದ್ದಾರೆ. ಅಮ್ಮ ಮಾತ್ರ "ಚಟ ಹತ್ತುತ್ತೆ, ತಡಕೊಳ್ತೀನಿ" ಅನ್ನುತ್ತಾರೆ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಹಾಸಿಗೆ ಬಿಟ್ಟು ಏಳುವುದಿಲ್ಲ.

ಉತ್ತರ (ಅರಿವಳಿಕೆ ತಜ್ಞೆ, ಠಾಣೆ): ಆ ಸೆರಗಿನ ಮಾತು ಓದಿ ನನಗೆ ಭಯವಾಯಿತು. ಕೆಮ್ಮದಿದ್ದರೆ ಕಫ ಎದೆಯಲ್ಲೇ ಕೂತು ನ್ಯುಮೋನಿಯಾ ಆಗಬಹುದು. ನಡೆಯದಿದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕ್ಯಾನ್ಸರ್ ಇದ್ದವರಿಗೆ ಆ ಅಪಾಯ ಇನ್ನೂ ಜಾಸ್ತಿ. ಗುಳಿಗೆ ಕೊಡುವುದೇ ಅಮ್ಮ ಕೆಮ್ಮಲಿ, ಎದ್ದು ಓಡಾಡಲಿ ಅಂತ.

ಪ್ಯಾರಾಸಿಟಮಾಲ್ ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಕೊಡಿ, ನೋವು ಏರಲಿ ಅಂತ ಕಾಯಬೇಡಿ. ಏರಿದ ನೋವನ್ನು ಇಳಿಸುವುದು ಕಷ್ಟ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಟ್ರಮಡಾಲ್ ಪಟ್ಟಿಯ ಹಿಂಬದಿ ಒಮ್ಮೆ ಓದಿ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತೆ, ಅದೂ ಲೆಕ್ಕಕ್ಕೆ ಬರಬೇಕು.

ಡಾಕ್ಟರ್ ಹೇಳಿದ ಅಳತೆಯಲ್ಲಿ ನಾಲ್ಕಾರು ದಿನ ತಗೊಂಡರೆ ಚಟ ಹತ್ತುವುದು ತೀರಾ ಅಪರೂಪ. ಟ್ರಮಡಾಲ್‌ನಿಂದ ನಿಜವಾಗಿ ಕಾಡುವುದು ಮಲಬದ್ಧತೆ. ತಿಣುಕಿದರೆ ಹೊಲಿಗೆ ಜಗ್ಗುತ್ತೆ. ಅದಕ್ಕೂ ಔಷಧ ಕೇಳಿ ಪಡೆಯಿರಿ.

ಕೆಮ್ಮುವಾಗ ಒಂದು ದಿಂಬನ್ನು ಹೊಲಿಗೆಯ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿಕೊಳ್ಳಲಿ. ಮಲಗಿದಲ್ಲಿಂದ ನೆಟ್ಟಗೆ ಏಳಬಾರದು. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಏಳಬೇಕು. ನೀವು ಹತ್ತಿರ ನಿಂತಿರಿ, ಟ್ರಮಡಾಲ್‌ಗೆ ತಲೆ ಸುತ್ತಬಹುದು.

ಪ್ರಶ್ನೆ: ಮನೆಯಲ್ಲಿ ಐಬುಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಗುಳಿಗೆ ಇದೆ. ಕೊಡಬಹುದಾ? ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಕೂಡ ಇದೆ.

ಉತ್ತರ: ಸರ್ಜನ್‌ರನ್ನು ಕೇಳದೆ ಬೇಡವೇ ಬೇಡ. ಆ ಇಂಜೆಕ್ಷನ್ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟಿರಬೇಕು, ಇಂಥ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ 28 ದಿನ. ಜೊತೆಗೆ ಐಬುಪ್ರೊಫೆನ್ ಸೇರಿದರೆ ರಕ್ತಸ್ರಾವದ ಭಯ. ಕಿಡ್ನಿಗೂ ಪೆಟ್ಟು, ಮುಂದೆ ಕೀಮೋ ಇದ್ದರೆ ಕಿಡ್ನಿ ಚೆನ್ನಾಗಿರಬೇಕು ಅಲ್ವಾ?

ಇನ್ನೊಂದು ಮಾತು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ, ವಾಂತಿಯಾಗಿ ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ, ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ ಕೇಳಿದವರು: ಪಟ್ಟಿ ನೋಡಿದೆ ಮೇಡಂ, 325 ಸೇರಿದೆ. ಇಡೀ ದಿನದ ಲೆಕ್ಕ ಬರೆದು ಫ್ರಿಜ್‌ಗೆ ಅಂಟಿಸಿದ್ದೇನೆ. ಅಮ್ಮ ದಿಂಬು ಅಪ್ಪಿಕೊಂಡು ಕೆಮ್ಮಿದರು, ಕಫ ಬಂತು.